ಒಂದೇ ಗೋಮಾಳಕ್ಕೆ ನಾಲ್ಕು ಹೆಸರು ಯಾಕೆ?

ಪ್ರಶ್ನೆ: ಸರ್, ನಮ್ಮದು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ಊರ ಪಕ್ಕ 60 ಎಕರೆ ಚಿಲ್ಲರೆ ಗೋಮಾಳ ಇದೆ. ನಮ್ಮ ಮನೆಯದೂ ಸೇರಿ ಹತ್ತಾರು ಮನೆಯ ಕುರಿಗಳು ಅಲ್ಲೇ ಮೇಯುತ್ತವೆ. ಪಹಣಿಯಲ್ಲಿ ‘ಸರ್ಕಾರಿ ಗೋಮಾಳ’ ಅಂತಿದೆ. ಕಂಪ್ಯೂಟರಿನಲ್ಲಿ ಉಪಗ್ರಹದ ಭೂಬಳಕೆ ನಕ್ಷೆ ತೆಗೆದರೆ ‘ಕುರುಚಲು, ಪಾಳುಭೂಮಿ’ ಅಂತ ಬರುತ್ತೆ. ಕೆಲವು ವರ್ಷದ ಹಿಂದೆ ವಿಶ್ವವಿದ್ಯಾಲಯದವರು ಬಂದು ಗುಂಡಿ ತೋಡಿ ಮಣ್ಣು ನೋಡಿಕೊಂಡು ಹೋದರು, ಅವರ ನಕ್ಷೆಯಲ್ಲಿ ‘4ನೇ ದರ್ಜೆ’ ಅಂತ ಇದೆ. ಈಗ ಊರಿನಲ್ಲಿ ‘ಹೇಗೂ ಪಾಳುಭೂಮಿ, ಸೋಲಾರಿಗೆ ಕೊಡೋಣ’ ಎಂಬ ಮಾತು ಎದ್ದಿದೆ. ಇವುಗಳಲ್ಲಿ ಯಾವುದು ನಿಜ? ಇನ್ನೊಂದು ವಿಷಯ. ಅವರು ತೋಡಿದ ಗುಂಡಿಯನ್ನು ಸರಿಯಾಗಿ ಮುಚ್ಚಲೇ ಇಲ್ಲ. ಹೋದ ಮಳೆಗಾಲದಲ್ಲಿ ನಮ್ಮದೊಂದು ಮರಿ ಬಿದ್ದು ಕಾಲು ಮುರಿದುಕೊಂಡಿತು. ಇದನ್ನು ಯಾರಿಗೆ ಹೇಳೋದು?

ಉತ್ತರ: ಮರಿಯ ಕಾಲಿನ ವಿಚಾರಕ್ಕೆ ಕೊನೆಗೆ ಬರುತ್ತೇನೆ. ಮೊದಲು ಹೆಸರಿನ ತಕರಾರು ಬಿಡಿಸೋಣ.

ನೀವು ಮೂರು ಹೆಸರು ಬರೆದಿದ್ದೀರಿ. ನಾಲ್ಕನೆಯದು ನಿಮ್ಮ ಬಾಯಲ್ಲೇ ಇದೆ, ‘ಕುರಿ ಮೇಯುವ ಜಾಗ’. ನಾಲ್ಕೂ ನಿಜವೇ, ಯಾಕೆಂದರೆ ನಾಲ್ಕೂ ಬೇರೆ ಬೇರೆ ಪ್ರಶ್ನೆಗೆ ಕೊಟ್ಟ ಉತ್ತರಗಳು. ನೆಲ ಯಾರದ್ದು, ಯಾತಕ್ಕೆ ಮೀಸಲು ಎಂಬುದನ್ನು ಪಹಣಿ ಹೇಳುತ್ತದೆ. ನೆಲ ಏನು ಹೊದ್ದುಕೊಂಡಿದೆ ಎಂಬುದನ್ನು ಉಪಗ್ರಹ ಹೇಳುತ್ತದೆ. ನೆಲ ಎಷ್ಟು ಬಳಕೆಯನ್ನು ತಾಳೀತು ಎಂದು ಮಣ್ಣಿನವರು ಹೇಳುತ್ತಾರೆ. ಅಲ್ಲಿ ದಿನಾ ಏನು ನಡೆಯುತ್ತಿದೆ ಎಂದು ಹೇಳುವವರು ನೀವು. ಒಂದು ಪ್ರಶ್ನೆಯ ಉತ್ತರವನ್ನು ಎತ್ತಿಕೊಂಡು ಇನ್ನೊಂದು ಪ್ರಶ್ನೆಗೆ ಅಂಟಿಸಿದಾಗ ತೊಂದರೆ ಶುರು. ‘ಕುರುಚಲು ಹೊದ್ದಿದೆ’ ಎಂಬುದು ‘ಯಾರೂ ಬಳಸುತ್ತಿಲ್ಲ’ ಎಂದಾಗಿ, ಆಮೇಲೆ ‘ಕೊಟ್ಟುಬಿಡೋಣ’ ಎಂದಾಗುವುದು ಹೀಗೆಯೇ. ನಿಮ್ಮೂರಿನಲ್ಲಿ ಈಗ ನಡೆದಿರುವುದೂ ಅದೇ.

ಉಪಗ್ರಹದ ಕಣ್ಣು ಎಷ್ಟು ಚುರುಕು ಎಂಬುದನ್ನು ನಮ್ಮ ಗುಂಟೆ ಲೆಕ್ಕದಲ್ಲೇ ನೋಡಿ. ಹಳೆಯ ಮೋಜಣಿಯವರ ಸರಪಳಿ 33 ಅಡಿ, ಅದಕ್ಕೆ 16 ಆಣೆ. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಇದ್ದರೆ ಒಂದು ಗುಂಟೆ. ಯುರೋಪಿನವರು 2015ರಲ್ಲಿ ಹಾರಿಸಿದ ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕಿ ಎಂದರೆ ನೆಲದ ಮೇಲೆ 10 ಮೀಟರ್‌ಗೆ 10 ಮೀಟರ್. ಹೆಚ್ಚುಕಡಿಮೆ ಒಂದು ಗುಂಟೆಯೇ! ನೂರೈವತ್ತು ವರ್ಷದ ಹಿಂದೆ ಸರಪಳಿ ಎಳೆದವರಿಗೂ ಆಕಾಶದಲ್ಲಿ ಸುತ್ತುವ ಯಂತ್ರಕ್ಕೂ ಅಳತೆಗೋಲು ಒಂದೇ ಆಗಿಬಿಟ್ಟದ್ದು ನನಗೆ ಈಗಲೂ ತಮಾಷೆ. ಆದರೆ ನೀವು ನೋಡಿದ ಥರದ ನಕ್ಷೆಗಳು ಬಹುಪಾಲು ತಯಾರಾದದ್ದು ನಮ್ಮ ದೇಶದ ಉಪಗ್ರಹಗಳ ಲಿಸ್-3 ಕ್ಯಾಮೆರಾದ ಚಿತ್ರಗಳಿಂದ. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ರಾಜ್ಯಗಳ ಸಂಸ್ಥೆಗಳನ್ನು, ವಿಶ್ವವಿದ್ಯಾಲಯಗಳನ್ನು ಜೊತೆಗಿಟ್ಟುಕೊಂಡು 1:50,000 ಪ್ರಮಾಣದಲ್ಲಿ ಅವನ್ನು ಮಾಡಿಸಿದೆ. ಲಿಸ್-3ರ ಒಂದು ಚುಕ್ಕಿ 23.5 ಮೀಟರ್, ಅಂದರೆ ಸುಮಾರು ಐದೂವರೆ ಗುಂಟೆ. ನಿಮ್ಮ 60 ಎಕರೆ ಅದಕ್ಕೆ 440 ಚುಕ್ಕಿ, ಅಷ್ಟೇ. ಪ್ರತಿವರ್ಷ 1:2,50,000 ಪ್ರಮಾಣದಲ್ಲಿ ಮಾಡುವ ಇನ್ನೊಂದು ನಕ್ಷೆ ಇದೆ, ಅದರ ಚಿತ್ರದ ಚುಕ್ಕಿ 56 ಮೀಟರ್, ಮುಕ್ಕಾಲು ಎಕರೆಗಿಂತ ಒಂದು ಕೈ ಹೆಚ್ಚು.

ಐದೂವರೆ ಗುಂಟೆಯ ಒಂದು ಚುಕ್ಕಿಯೊಳಗೆ ನಿಮ್ಮ ಗೋಮಾಳದಲ್ಲಿ ಏನೆಲ್ಲ ಇರುತ್ತದೆ? ನಾಲ್ಕು ತಂಗಡಿ ಗಿಡ, ಒಂದು ಕವಳೆ ಮೆಳೆ, ನಡುವೆ ಕರಡ ಹುಲ್ಲು, ಎರಡು ಬಂಡೆ, ಕುರಿ ಓಡಾಡಿ ಬಿದ್ದ ಜಾಡು. ಕ್ಯಾಮೆರಾಗೆ ಇವು ಬಿಡಿಬಿಡಿಯಾಗಿ ಕಾಣುವುದಿಲ್ಲ. ಎಲ್ಲದರ ಬೆಳಕನ್ನೂ ಕಲಸಿ ಒಂದೇ ತುತ್ತು ಮಾಡಿ ಕೊಡುತ್ತದೆ. ಆ ತುತ್ತಿನ ರುಚಿ ನೋಡಿ ಒಳಗೆ ಏನೇನು ಇದ್ದೀತು ಎಂದು ಹೇಳುವುದೇ ನಕ್ಷೆ ಮಾಡುವ ನಮ್ಮಂಥವರ ಕಸುಬು.

ಕಾಗದದ ಮಿತಿಯೂ ಇದೆ. 1:50,000 ನಕ್ಷೆಯಲ್ಲಿ ಒಂದು ಮಿಲಿಮೀಟರ್ ಎಂದರೆ 50 ಮೀಟರ್. ಕಣ್ಣಿಗೆ ಕಾಣುವಂತೆ ಬಣ್ಣ ಹಚ್ಚಲು ಕನಿಷ್ಠ ಮೂರು ಮಿಲಿಮೀಟರ್ ಚೌಕವಾದರೂ ಬೇಕು ಎಂದುಕೊಂಡರೆ ನೆಲದ ಮೇಲೆ ಅದು ಐದೂವರೆ ಎಕರೆ. ಅದಕ್ಕಿಂತ ಚಿಕ್ಕದಾದ ಕಟ್ಟೆ, ತೋಪು, ದೇವರ ಕಾಡು ಎಲ್ಲ ಪಕ್ಕದ ಬಣ್ಣದಲ್ಲಿ ಮುಳುಗಿಹೋಗುತ್ತವೆ. 1:2,50,000ಕ್ಕೆ ಹೋದರೆ ನಿಮ್ಮ ಇಡೀ ಗೋಮಾಳವೇ ಎರಡು ಮಿಲಿಮೀಟರ್ ಚೌಕ, ಎಳ್ಳುಕಾಳಿನಷ್ಟು. ಆ ನಕ್ಷೆ ಮಾಡುವುದು ದೇಶದಲ್ಲಿ ಈ ವರ್ಷ ಬಿತ್ತನೆ ಎಷ್ಟಾಯಿತು, ಬೀಳು ಎಷ್ಟು ಬಿಟ್ಟರು ಎಂದು ಅಂದಾಜು ಮಾಡಲು. ಅದನ್ನು ಪರದೆಯ ಮೇಲೆ ಹಿಗ್ಗಿಸಿ ಹಿಗ್ಗಿಸಿ ನಮ್ಮೂರ ಸರ್ವೆ ನಂಬರು ಹುಡುಕುವುದು ಅದನ್ನು ಮಾಡಿದವರಿಗೂ ನಿಮಗೂ ಮಾಡುವ ಅನ್ಯಾಯ.

ಚಿತ್ರ ತೆಗೆದ ತಿಂಗಳೂ ಮುಖ್ಯ. ಇದರಲ್ಲಿ ನಾನೇ ಎಡವಿದ್ದೇನೆ. ನಾನು ಈ ಕೆಲಸಕ್ಕೆ ಸೇರಿದ ಕಾಲದಲ್ಲಿ ಕಂಪ್ಯೂಟರ್ ವರ್ಗೀಕರಣ ಎಲ್ಲರಿಗೂ ಸಿಗುತ್ತಿರಲಿಲ್ಲ. ಉಪಗ್ರಹ ಚಿತ್ರದ ದೊಡ್ಡ ಕಾಗದವನ್ನು ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜಿನ ಮೇಲೆ ಹಾಸಿ, ಮೇಲೆ ಪಾರದರ್ಶಕ ಹಾಳೆ ಇಟ್ಟು ಪೆನ್ನಿನಿಂದ ಗೆರೆ ಎಳೆಯುತ್ತಿದ್ದೆವು. ಆ ಚಿತ್ರದಲ್ಲಿ ಹಸಿರು ಹಸಿರಾಗಿ ಕಾಣುವುದಿಲ್ಲ, ಕೆಂಪಾಗಿ ಕಾಣುತ್ತದೆ. ನಮ್ಮ ಕಣ್ಣಿಗೆ ಬೀಳದ ಅವಕೆಂಪು ಬೆಳಕನ್ನು ಎಲೆಗಳು ಜೋರಾಗಿ ಹಿಂದಕ್ಕೆ ಎಸೆಯುತ್ತವೆ, ಅದಕ್ಕೆ ಚಿತ್ರದಲ್ಲಿ ಕೆಂಪು ಬಣ್ಣ ಕೊಟ್ಟಿರುತ್ತಾರೆ. ಕೆಂಪು ಇದ್ದಲ್ಲಿ ಗಿಡ, ಮರ, ಪೈರು. ಒಂದು ದೊಡ್ಡ ಕಾವಲಿನಲ್ಲಿ ಕೆಂಪಿನ ಸುಳಿವೇ ಇರಲಿಲ್ಲ, ಬೂದುಬಣ್ಣದ ಬಯಲು. ‘ಬೀಳು’ ಎಂದು ಗೆರೆ ಎಳೆದೆ. ಮಳೆಗಾಲ ಮುಗಿಯುವ ಹೊತ್ತಿಗೆ ತಾಳೆ ನೋಡಲು ಹೋದರೆ ಮೊಣಕಾಲುದ್ದ ಹುಲ್ಲು, ಗಾಳಿಗೆ ತೆರೆಯಾಡುತ್ತಿದೆ. ಚಿತ್ರ ಮಾರ್ಚ್ ತಿಂಗಳದ್ದು, ಮೋಡದ ಕಾಟ ಇಲ್ಲವೆಂದು ಆರಿಸಿಕೊಂಡದ್ದು. ಅಲ್ಲಿದ್ದ ಕುರಿಗಾಹಿ ಅಜ್ಜನಿಗೆ ನನ್ನ ಹಾಳೆ ತೋರಿಸಿದೆ. ನಕ್ಕುಬಿಟ್ಟ. ‘ಶಿವರಾತ್ರಿಗೆ ಬಂದು ಹುಲ್ಲೆಲ್ಲಿ ಅಂತ ಕೇಳಿದ್ರೆ ನಾನೇನು ಹೇಳ್ಲಿ ಸ್ವಾಮಿ, ಉತ್ರೆ ಮಳೆ ಆದ್ಮೇಲೆ ಬರ್ರಿ’ ಅಂದ. ಈಗಿನ 1:50,000 ನಕ್ಷೆಗಳಿಗೆ ಮುಂಗಾರು, ಹಿಂಗಾರು, ಬೇಸಿಗೆ ಮೂರೂ ಕಾಲದ ಚಿತ್ರ ಬಳಸುತ್ತಾರೆ, ಆ ತಪ್ಪು ಬಹಳ ಕಡಿಮೆಯಾಗಿದೆ. ಹೋಗಿಯೇಬಿಟ್ಟಿದೆ ಎನ್ನಲಾರೆ. ಮುಂಗಾರಿನಲ್ಲಿ ಮೋಡ ಬಿಡುವು ಕೊಟ್ಟ ದಿನ ಉಪಗ್ರಹ ನಿಮ್ಮೂರ ಮೇಲೆ ಇರಬೇಕಲ್ಲ.

ಇಷ್ಟೆಲ್ಲ ಸರಿ ಮಾಡಿದರೂ ಉಪಗ್ರಹಕ್ಕೆ ಕುರಿ ಕಾಣುವುದಿಲ್ಲ. ಹೊದಿಕೆ ಕಾಣುತ್ತದೆ, ಬಳಕೆ ಕಾಣುವುದಿಲ್ಲ. ಜೋಳದ ಹೊಲದಲ್ಲಿ ಹೊದಿಕೆ ನೋಡಿದರೆ ಬಳಕೆ ತಾನಾಗಿ ತಿಳಿಯುತ್ತದೆ, ಕೆರೆಯಲ್ಲೂ ಹಾಗೆಯೇ. ಹುಲ್ಲು, ಕುರುಚಲು, ಬೀಳು ಈ ಮೂರರಲ್ಲಿ ತಿಳಿಯುವುದಿಲ್ಲ, ನಕ್ಷೆಗಳು ಹೆಚ್ಚು ತಪ್ಪುವುದೂ ಇಲ್ಲೇ. ‘ಈ ನಕ್ಷೆಯ ನಿಖರತೆ ಶೇ 85’ ಎಂದು ಬರೆದಿದ್ದರೆ, ನೆಲದ ಮೇಲೆ ನೂರು ಕಡೆ ಹೋಗಿ ನೋಡಿದಾಗ 85 ಕಡೆ ಸರಿಯಿತ್ತು ಎಂದರ್ಥ. ಆದರೆ ಉಳಿದ 15 ತಪ್ಪು ಎಲ್ಲ ವರ್ಗಕ್ಕೂ ಸಮನಾಗಿ ಹಂಚಿರುವುದಿಲ್ಲ. ನೀರಿನಲ್ಲಿ ತಪ್ಪು ಅಪರೂಪ. ತಪ್ಪೆಲ್ಲ ಬಂದು ಗುಡ್ಡೆಬೀಳುವುದು ನಿಮ್ಮ ಗೋಮಾಳದಂಥ ಜಾಗದಲ್ಲಿ. ಯಾವ ವರ್ಗವನ್ನು ಯಾವುದರ ಜೊತೆ ಎಷ್ಟು ಸಲ ತಪ್ಪಾಗಿ ಗುರುತಿಸಿದ್ದೀರಿ ಎಂಬ ಕೋಷ್ಟಕ ಪ್ರತಿ ಒಳ್ಳೆಯ ವರದಿಯಲ್ಲೂ ಇರುತ್ತದೆ. ಅದನ್ನು ಕೇಳಿ ಪಡೆಯಿರಿ. ಆ ಕೋಷ್ಟಕವೇ ಇಲ್ಲದ ಬಣ್ಣಬಣ್ಣದ ನಕ್ಷೆಯನ್ನು ನಾನಾದರೆ ಪಕ್ಕಕ್ಕಿಡುತ್ತೇನೆ.

ಇನ್ನು ‘ಪಾಳುಭೂಮಿ’ ಎಂಬ ಪದ. ಕೇಂದ್ರದ ಭೂಸಂಪನ್ಮೂಲ ಇಲಾಖೆಯೂ ದೂರಸಂವೇದಿ ಕೇಂದ್ರವೂ ಸೇರಿ 2000ದಿಂದ ಈಚೆಗೆ ದೇಶದ ‘ವೇಸ್ಟ್‌ಲ್ಯಾಂಡ್’ ಅಟ್ಲಾಸನ್ನು ಹಲವು ಸಲ ಹೊರತಂದಿವೆ. 2019ರ ಆವೃತ್ತಿಯ ಪ್ರಕಾರ 2015-16ರಲ್ಲಿ ದೇಶದ 5.57 ಕೋಟಿ ಹೆಕ್ಟೇರ್, ಅಂದರೆ ಶೇ 17ರಷ್ಟು ನೆಲ ವೇಸ್ಟ್‌ಲ್ಯಾಂಡ್. ಅದರಲ್ಲಿ 23 ವರ್ಗ. ದಟ್ಟ ಕುರುಚಲು, ವಿರಳ ಕುರುಚಲು, ಬಂಡೆ, ಮರಳು, ಕರಲು ನೆಲ, ಸೊರಗಿದ ಹುಲ್ಲುಗಾವಲು ಇವೆಲ್ಲ ಒಂದೇ ತಲೆಬರಹದ ಕೆಳಗೆ. ಹಿಮಾಲಯದ ಮೇಲೆ ಹಿಮ ಮುಚ್ಚಿದ ನೆಲಕ್ಕೂ ಅದೇ ಪಟ್ಟಿಯಲ್ಲಿ ಒಂದು ವರ್ಗವಿದೆ. ಗಂಗೆ ಹುಟ್ಟುವ ಜಾಗವನ್ನು ಪಾಳು ಎಂದವರಾರು ಎಂದು ಕೇಳಬೇಡಿ, ಆ ಪದದ ಅರ್ಥ ಅಲ್ಲಿ ಬೇರೆ. ಬ್ರಿಟಿಷರ ಕಂದಾಯ ಲೆಕ್ಕದಲ್ಲಿ ತೀರ್ವೆ ಕೊಡದ ನೆಲ ‘ವೇಸ್ಟ್’. ನೆಲದ ಗುಣ ನೋಡಿ ಇಟ್ಟ ಹೆಸರಲ್ಲ, ಖಜಾನೆ ನೋಡಿ ಇಟ್ಟದ್ದು. ಉಪಗ್ರಹ ಬಂದರೂ ಹೆಸರು ಹೋಗಲಿಲ್ಲ.

ವರ್ಗೀಕರಣದ ನಿಯಮ ಬದಲಾದರೆ ಹೆಸರು ಎಷ್ಟು ಬದಲಾಗುತ್ತದೆ ಎಂಬುದಕ್ಕೆ ನಿಮ್ಮ ದಾವಣಗೆರೆ ಜಿಲ್ಲೆಯದೇ ಉದಾಹರಣೆ. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ವ್ಯಾಖ್ಯೆಯಂತೆ ಒಂದು ಹೆಕ್ಟೇರ್ ಅಥವಾ ಹೆಚ್ಚಿನ ಜಾಗದಲ್ಲಿ ಮರದ ನೆತ್ತಿ ಶೇ 10ರಷ್ಟು ನೆಲ ಮುಚ್ಚಿದ್ದರೆ ಅದು ‘ಅರಣ್ಯ ಹೊದಿಕೆ’. ಮರ ಯಾವುದು, ಜಾಗ ಯಾರದ್ದು ಎಂಬುದು ಲೆಕ್ಕಕ್ಕಿಲ್ಲ. ಹಾಗಾಗಿ ಚನ್ನಗಿರಿ ಕಡೆಯ ಹಬ್ಬಿದ ಅಡಿಕೆ ತೋಟ ಆ ನಕ್ಷೆಯಲ್ಲಿ ಅರಣ್ಯ ಹೊದಿಕೆಯಾಗಬಹುದು. ನಿಮ್ಮ ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ನಾಲ್ಕು ಕೊಂಬಿನ ಕಾಡುಪ್ರಾಣಿ ಕೊಂಡುಕುರಿಗೆಂದೇ 2011ರಲ್ಲಿ ವನ್ಯಜೀವಿಧಾಮ ಆಯಿತಲ್ಲ, ಅಂಥ ಕುರುಚಲಿನಲ್ಲಿ ಮರದ ನೆತ್ತಿ ಶೇ 10ಕ್ಕಿಂತ ಕಡಿಮೆಯಿರುವ ತುಂಡು ಅರಣ್ಯ ಹೊದಿಕೆಯ ಲೆಕ್ಕಕ್ಕೇ ಬರುವುದಿಲ್ಲ. ಕೊಂಡುಕುರಿಗೆ ಬೇಕಾದದ್ದು ಆ ಕುರುಚಲೇ, ಅಡಿಕೆ ತೋಟ ಅಲ್ಲ.

ಈಗ ಮಣ್ಣಿನವರ ಬಳಿಗೆ ಬರೋಣ. ನಿಮ್ಮೂರಿಗೆ ಬಂದದ್ದು ಬಹುಶಃ ಸುಜಲ-3 ಯೋಜನೆಯ ಭೂಸಂಪನ್ಮೂಲ ಸಮೀಕ್ಷೆಯ ತಂಡ. ವಿಶ್ವಬ್ಯಾಂಕ್ ನೆರವಿನ ಆ ಜಲಾನಯನ ಯೋಜನೆಯಲ್ಲಿ ದಾವಣಗೆರೆಯೂ ಇತ್ತು. ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಬ್ಯೂರೊದ ಹೆಬ್ಬಾಳ ಕೇಂದ್ರ ಮುಂದೆ ನಿಂತಿತು. ಬೆಂಗಳೂರು, ಧಾರವಾಡ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯಗಳು, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ, ಶಿವಮೊಗ್ಗದ ವಿಶ್ವವಿದ್ಯಾಲಯ ಕೈಜೋಡಿಸಿದವು. ಒಂದೊಂದು ಕಿರುಜಲಾನಯನವನ್ನೂ, ಅಂದರೆ ಮಳೆನೀರು ಒಂದೇ ಹಳ್ಳಕ್ಕೆ ಹರಿದು ಸೇರುವ ಪ್ರದೇಶವನ್ನೂ, ಸರ್ವೆ ನಂಬರಿನ ಗಡಿಯಿರುವ ನಕ್ಷೆಯ ಮೇಲೆ ಸುಮಾರು 1:8,000 ಪ್ರಮಾಣದಲ್ಲಿ ನೋಡಿದರು. ಎಳ್ಳುಕಾಳಾಗಿದ್ದ ನಿಮ್ಮ ಗೋಮಾಳ ಈ ನಕ್ಷೆಯಲ್ಲಿ ಅಂಗೈ ಅಗಲ.

ಗುಂಡಿಯಲ್ಲಿ ಇಳಿದು ಅವರು ಮಾಡಿದ್ದೇನು ಎಂದು ನೀವು ದೂರದಿಂದ ನೋಡಿರಬಹುದು. ಬಿಸಿಲು ನೇರ ಬೀಳುವ ಗೋಡೆಯನ್ನು ಚಾಕುವಿನಿಂದ ಕೆರೆದು ಹಸಿ ಮಾಡುತ್ತಾರೆ. ಟೇಪು ಇಳಿಬಿಡುತ್ತಾರೆ. ಬಣ್ಣ ಎಲ್ಲಿ ಬದಲಾಯಿತು, ಕಲ್ಲು ಎಲ್ಲಿ ಹೆಚ್ಚಾಯಿತು, ಬೇರು ಎಲ್ಲಿಗೆ ನಿಂತಿತು ಎಂದು ಪದರ ಪದರವಾಗಿ ಬರೆದುಕೊಳ್ಳುತ್ತಾರೆ. ಚಿಟಿಕೆ ಮಣ್ಣು ತೆಗೆದು ನೀರು ಚಿಮುಕಿಸಿ, ರಾಗಿ ಮುದ್ದೆ ಕಟ್ಟುವ ಹಾಗೆ ಅಂಗೈಯಲ್ಲಿ ಉಂಡೆ ಮಾಡಿ, ಹೆಬ್ಬೆರಳು ತೋರುಬೆರಳಿನ ನಡುವೆ ಪಟ್ಟಿಯಾಗಿ ಒತ್ತುತ್ತಾ ಹೋಗುತ್ತಾರೆ. ಪಟ್ಟಿ ಒಂದು ಇಂಚಿಗೇ ಮುರಿದರೆ ಗೋಡು, ಎರಡು ಇಂಚು ದಾಟಿದರೆ ಜೇಡಿ. ಬೆರಳಿಗೆ ಹರಳು ಹರಳು ಹತ್ತಿದರೆ ಮರಳು ಇದೆ. ಚಿಕ್ಕ ಸೀಸೆಯಿಂದ ಒಂದು ಹನಿ ಆಮ್ಲ ಬಿಟ್ಟಾಗ ನೊರೆ ಎದ್ದರೆ ಸುಣ್ಣ ಇದೆ. ಮುನ್ಸೆಲ್ ಎಂಬ ಬಣ್ಣದ ಚೀಟಿಗಳ ಪುಸ್ತಕ ಹಿಡಿದು ಮಣ್ಣಿನ ಬಣ್ಣಕ್ಕೂ ಒಂದು ನಂಬರು ಕೊಡುತ್ತಾರೆ. ಹೊಸ ಹುಡುಗರು ಕೂಲಿಂಗ್ ಗ್ಲಾಸ್ ಹಾಕಿಕೊಂಡೇ ಆ ಪುಸ್ತಕ ನೋಡಿ ಬೈಸಿಕೊಳ್ಳುವುದೂ ಉಂಟು.

ಇದೆಲ್ಲ ಸೇರಿ ಕೊನೆಗೆ ನಕ್ಷೆಯಲ್ಲಿ ಒಂದು ಸಂಕೇತವಾಗುತ್ತದೆ. ಮೊದಲ ಮೂರು ಅಕ್ಷರ ಮಣ್ಣಿನ ಸರಣಿಯ, ಅಂದರೆ ಒಂದೇ ಬಗೆಯ ಮಣ್ಣಿನ ಗುಂಪಿನ ಹೆಸರು, ಅದರ ಹಿಂದೆ ‘ಎಚ್‌ಸಿ2ಜಿ1’ ಅಂತಲೋ ಏನೋ ಇರುತ್ತದೆ. ‘ಎಚ್’ ಎಂದರೆ ಮೇಲ್ಮಣ್ಣು ಮರಳು ಮಿಶ್ರಿತ ಜೇಡಿ ಗೋಡು. ‘ಸಿ’ ಎಂದರೆ ನೂರು ಅಡಿಗೆ ಮೂರರಿಂದ ಐದು ಅಡಿ ಇಳಿಜಾರು. ‘2’ ಎಂದರೆ ಮಣ್ಣಿನ ಕೊಚ್ಚಣೆ ಮಧ್ಯಮ. ‘ಜಿ1’ ಎಂದರೆ ಗರಸು ಶೇ 15ರಿಂದ 35. ಸಮೀಕ್ಷೆಯ ಫಲಿತಾಂಶ ಬರೆದುಕೊಟ್ಟ ನಿಮ್ಮ ಕಾರ್ಡಿನಲ್ಲಿ ಇದು ಸ್ವಲ್ಪ ಬೇರೆಯಿರಬಹುದು, ಓದುವ ಕ್ರಮ ಇದೇ.

ಅದರ ಮೇಲೆ ಕೂರುವುದು ದರ್ಜೆ. 1930ರ ದಶಕದಲ್ಲಿ ಅಮೆರಿಕದ ಬಯಲುಸೀಮೆಯ ಹುಲ್ಲುನೆಲವನ್ನೆಲ್ಲ ಉತ್ತು ಧೂಳೆಬ್ಬಿಸಿಕೊಂಡ ಮೇಲೆ ಅಲ್ಲಿನ ಮಣ್ಣು ಸಂರಕ್ಷಣೆಯವರು ಬೆಳೆಸಿದ ಪದ್ಧತಿ ಇದು. ಒಟ್ಟು ಎಂಟು ದರ್ಜೆ. ಒಂದರಿಂದ ನಾಲ್ಕು ಉಳಬಹುದಾದ ನೆಲ, ಐದರಿಂದ ಎಂಟು ಉಳಬಾರದ ನೆಲ. ದರ್ಜೆಯ ಪಕ್ಕದ ಅಕ್ಷರ ನೆಲದ ಕಾಯಿಲೆ ಹೇಳುತ್ತದೆ: ‘ಇ’ ಕೊಚ್ಚಣೆ, ‘ಎಸ್’ ಮಣ್ಣಿನದೇ ದೋಷ, ‘ಡಬ್ಲ್ಯೂ’ ನೀರು ನಿಲ್ಲುವುದು, ‘ಸಿ’ ಹವಾಮಾನ. ನಿಮ್ಮದು ನಾಲ್ಕು, ಉಳಬಹುದಾದ್ದರಲ್ಲಿ ಕಟ್ಟಕಡೆಯ ಮೆಟ್ಟಿಲು. ಬಹಳ ಎಚ್ಚರದಿಂದ, ಅಪರೂಪಕ್ಕೆ ಬೆಳೆ ತೆಗೆಯಬಹುದು, ಹುಲ್ಲಿಗೆ ಬಿಟ್ಟರೆ ಇನ್ನೂ ಕ್ಷೇಮ ಎಂದು ಅದರ ತಾತ್ಪರ್ಯ. ಇದು ಬಳಕೆಯ ಮೇಲ್ಮಿತಿಯೇ ಹೊರತು ಆಜ್ಞೆಯಲ್ಲ. ಪಾಳು ಎಂದು ಆ ನಕ್ಷೆ ಎಲ್ಲೂ ಹೇಳಿಲ್ಲ. ನಾಳೆ ಸಭೆಯಲ್ಲಿ ಯಾರಾದರೂ ‘ವಿಶ್ವವಿದ್ಯಾಲಯದವರೇ ಕಳಪೆ ಅಂದಿದ್ದಾರೆ’ ಎಂದರೆ ಕಾರ್ಡನ್ನು ಮುಂದಿಡಿ.

ಸೋಲಾರ್ ಬೇಡ ಎಂದು ನಾನು ಹೇಳುತ್ತಿಲ್ಲ. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಪಾರ್ಕ್ ನಿಂತಿದೆ, ಅಲ್ಲಿ ರೈತರು ತಮ್ಮ ಜಮೀನನ್ನು ಗುತ್ತಿಗೆಗೆ ಕೊಟ್ಟರು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಬಾಡಿಗೆ ಶುರುವಾಯಿತು. ಪಹಣಿಯಲ್ಲಿ ಹೆಸರಿದ್ದವರಿಗೆ ಬಾಡಿಗೆ. ಅದೇ ಬೀಳಿನಲ್ಲಿ ಕುರಿ ಮೇಯಿಸುತ್ತಿದ್ದವನ ಹೆಸರು ಯಾವ ಕಲಮಿನಲ್ಲೂ ಇರುವುದಿಲ್ಲ. ನಿಮ್ಮ ಗೋಮಾಳದಲ್ಲಿ ಬಾಡಿಗೆ ಬಂದರೂ ನಿಮ್ಮ ಕೈಗೆ ಬರುವುದಿಲ್ಲ, ಅದು ಸರ್ಕಾರದ ಜಾಗ. ಕೊಡುವ ಅಧಿಕಾರವೂ ಕಂದಾಯ ಇಲಾಖೆಯದು, ಪಂಚಾಯಿತಿಯದಲ್ಲ. ಕಾನೂನು ನನ್ನ ಕ್ಷೇತ್ರವಲ್ಲ, ಒಂದು ಲೆಕ್ಕ ಮಾತ್ರ ಹೇಳಬಲ್ಲೆ: ಕರ್ನಾಟಕ ಭೂಕಂದಾಯ ನಿಯಮಗಳು, 1966ರ 97ನೇ ನಿಯಮದಲ್ಲಿ 100 ದನಗಳಿಗೆ 12 ಹೆಕ್ಟೇರ್, ಅಂದರೆ 30 ಎಕರೆ ಮೇವಿನ ಜಾಗ ಎಂದಿದೆ. ನಿಮ್ಮ 60 ಎಕರೆ 200 ದನಗಳ ಲೆಕ್ಕ. ಊರಿನಲ್ಲಿ ದನ ಕುರಿ ಎಷ್ಟಿವೆ ಎಂಬ ಜಾನುವಾರು ಗಣತಿಯ ಸಂಖ್ಯೆ ಪಶು ಆಸ್ಪತ್ರೆಯಲ್ಲಿ ಸಿಗುತ್ತದೆ. ಅದನ್ನು ತೆಗೆದುಕೊಂಡು, ತಹಶೀಲ್ದಾರರ ಕಚೇರಿಯಲ್ಲಿ ಗೋಮಾಳ ಹೆಚ್ಚುವರಿ ಇದೆಯೋ ಕೊರತೆಯೋ ಎಂದು ಬರಹದಲ್ಲಿ ಕೇಳಿ.

ಜೊತೆಗೆ ನಾಲ್ಕನೆಯ ನಕ್ಷೆಯನ್ನು, ಅಂದರೆ ಬಳಕೆಯ ನಕ್ಷೆಯನ್ನು, ನೀವೇ ಮಾಡಿ. ಕಷ್ಟವೇನಿಲ್ಲ. ಗ್ರಾಮ ನಕಾಶೆಯ ಪ್ರತಿ ತೆಗೆದುಕೊಳ್ಳಿ. ಕುರಿ ಒಳಗೆ ಬರುವ ದಾರಿ, ನೀರು ಕುಡಿಯುವ ಕಟ್ಟೆ, ಮಂದೆ ಕೂರುವ ಜಾಗ, ಒಳ್ಳೆ ಹುಲ್ಲಿನ ತೆವರು, ಬಳ್ಳಾರಿ ಜಾಲಿ ನುಗ್ಗಿ ಹಾಳಾದ ಮೂಲೆ ಇವನ್ನು ಪೆನ್ಸಿಲಿನಲ್ಲಿ ಗುರುತಿಸಿ. ಒಂದೇ ಜಾಗದಲ್ಲಿ ನಿಂತು ಶಿವರಾತ್ರಿಗೊಂದು, ಮುಂಗಾರಿಗೊಂದು, ಉತ್ರೆ ಮಳೆ ಆದ ಮೇಲೊಂದು ಫೋಟೋ ತೆಗೆಯಿರಿ, ಫೋನಿನಲ್ಲಿ ಲೊಕೇಶನ್ ಆನ್ ಇರಲಿ. ಯಾವ ತಿಂಗಳು ಯಾವ ಹುಲ್ಲು ಎಂಬುದನ್ನು ಊರಿನ ಹಿರಿಯರು ಹೇಳಲಿ, ನೀವು ಬರೆದುಕೊಳ್ಳಿ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಯೂ ಜನತಾ ಜೀವವೈವಿಧ್ಯ ದಾಖಲಾತಿಯೂ ಇರಬೇಕು. ಇದೆಲ್ಲ ಅಲ್ಲಿ ಸೇರಲಿ, ಗ್ರಾಮಸಭೆಯ ನಡಾವಳಿಯಲ್ಲಿ ದಾಖಲಾಗಲಿ. ದಿಶಾಂಕ್ ಆ್ಯಪಿನಲ್ಲಿ ನಿಂತ ಜಾಗದ ಸರ್ವೆ ನಂಬರು ಗೊತ್ತಾಗುತ್ತದೆ, ಆದರೆ ಅದರ ಗೆರೆ ನಂಬಿ ಹದ್ದಿನ ಜಗಳಕ್ಕೆ ಇಳಿಯಬೇಡಿ, ಹಳೆಯ ಕಾಗದದ ನಕಾಶೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸುವಾಗ ಗೆರೆ ಹಲವು ಮೀಟರ್ ಅತ್ತಿತ್ತ ಸರಿದಿರುತ್ತದೆ. ಒತ್ತುವರಿಯ ಅನುಮಾನ ಇದ್ದರೆ ಸರ್ವೆ ಇಲಾಖೆಯಿಂದ ಗೋಮಾಳದ ಹದ್ದುಬಸ್ತು ಮಾಡಿಸಿ.

ಇನ್ನು ಮರಿ. ಗುಂಡಿ ತೋಡಿದವರೇ ಮುಚ್ಚಿಸಿ ಹೋಗಬೇಕು, ಇದರಲ್ಲಿ ಎರಡನೇ ಮಾತಿಲ್ಲ. ನಮ್ಮ ಕಸುಬಿನವರ ತಪ್ಪಿಗೆ ನಾನು ನಾಚುತ್ತೇನೆ. ನಿಮ್ಮ ಕಾರ್ಡಿನ ಮೇಲೆ ಕಿರುಜಲಾನಯನದ ಹೆಸರೂ ಸಮೀಕ್ಷೆ ಮಾಡಿದ ಸಂಸ್ಥೆಯ ಹೆಸರೂ ಇರುತ್ತವೆ. ಅಲ್ಲಿನ ಮಣ್ಣುವಿಜ್ಞಾನ ವಿಭಾಗದ ಮುಖ್ಯಸ್ಥರಿಗೆ ಪತ್ರ ಬರೆಯಿರಿ, ಪ್ರತಿಯೊಂದನ್ನು ತಾಲ್ಲೂಕಿನ ಕೃಷಿ ಇಲಾಖೆಗೆ ಕೊಡಿ. ನಾವಲ್ಲ ಎನ್ನಲು ಅವರಿಗೆ ಆಗುವುದಿಲ್ಲ, ಪ್ರತಿ ಗುಂಡಿಯ ಅಕ್ಷಾಂಶ ರೇಖಾಂಶ ಅವರ ಕಡತದಲ್ಲೇ ಇದೆ. ಉತ್ತರ ಬರುವವರೆಗೆ ಸುತ್ತ ಜಾಲಿ ಮುಳ್ಳು ಎಳೆದು ಹಾಕಿ. ನೀವೇ ಮುಚ್ಚುವುದಾದರೆ ಕೆಳಗಿನ ಗರಸು ಮಣ್ಣು ಮೊದಲು, ಮೇಲಿನ ಕಪ್ಪು ಮಣ್ಣು ಕೊನೆಗೆ. ಒಂದು ಗೇಣು ಎತ್ತರವಾಗಿಯೇ ಬಿಡಿ, ಎರಡು ಮಳೆಗೆ ಕುಸಿದು ಸಮನಾಗುತ್ತದೆ.